ಮೈತ್ರಿ ವೋಟಿಗೆ ಮುಂಚೆಯೋ, ಆಮೇಲೋ?

ಎರಡೇ ಪಕ್ಷ ಇದ್ದಿದ್ರೆ ಈ ಸಮ್ಮಿಶ್ರ ಸರ್ಕಾರಗಳ ಗೋಳೇ ಇರ್ತಿರಲಿಲ್ಲ ಅಂತ ತುಂಬಾ ಜನ ಹೇಳ್ತಾರೆ. ನಿಜಾನಾ?

2018ರ ಕರ್ನಾಟಕ ನೋಡಿ. ಮತದಾನ ನಡೆದ 222 ಕ್ಷೇತ್ರಗಳಲ್ಲಿ ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37 ಸೀಟು. ಬಹುಮತಕ್ಕೆ 112 ಬೇಕಿತ್ತು. ಪ್ರಚಾರದಲ್ಲಿ ಪರಸ್ಪರ ಬೈದುಕೊಂಡಿದ್ದ ಕಾಂಗ್ರೆಸ್, ಜೆಡಿಎಸ್ ಫಲಿತಾಂಶದ ದಿನವೇ ಕೈಜೋಡಿಸಿದವು. ಕೊನೆಗೆ ಜೆಡಿಎಸ್‌ನ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. 14 ತಿಂಗಳಲ್ಲಿ ಶಾಸಕರ ರಾಜೀನಾಮೆ ಶುರುವಾಗಿ, ವಿಶ್ವಾಸಮತದಲ್ಲಿ 99-105ರಿಂದ ಸರ್ಕಾರ ಬಿತ್ತು.

ಎರಡು ಪಕ್ಷಗಳದ್ದೇ ಪೈಪೋಟಿ ಇರುವ ಅಮೆರಿಕದಲ್ಲೂ ಹೊಂದಾಣಿಕೆ ಇದೆ, ಆದ್ರೆ ಪಕ್ಷದ ಒಳಗೆ. 2020ರಲ್ಲಿ ಬೈಡನ್, ಸ್ಯಾಂಡರ್ಸ್ ಇಬ್ಬರೂ ಡೆಮಾಕ್ರಟಿಕ್ ಪಕ್ಷದ ಟಿಕೆಟ್‌ಗೆ ಸ್ಪರ್ಧಿಸಿದ್ರು. ಸೋತ ಸ್ಯಾಂಡರ್ಸ್ ಬೈಡನ್‌ಗೆ ಬೆಂಬಲ ಕೊಟ್ಟರು. ಎರಡೂ ಕಡೆಯವರು ಕೂತು ಆರೋಗ್ಯ, ಹವಾಮಾನದಂಥ ವಿಷಯಗಳಲ್ಲಿ ಒಂದು ನಿಲುವಿಗೆ ಬಂದರು. ಇದೆಲ್ಲ ನವೆಂಬರ್ ಚುನಾವಣೆಗೆ ಮುಂಚೆ.

ಅಂದ್ರೆ, ರಾಜಿ ಎರಡೂ ಕಡೆ ಇದೆ. ಅಲ್ಲಿ ಆಯ್ಕೆ ಕಡಿಮೆ, ಆದ್ರೆ ರಾಜಿ ನೋಡಿಕೊಂಡೇ ವೋಟು ಹಾಕಬಹುದು. ನಮ್ಮಲ್ಲಿ ಆಯ್ಕೆ ಜಾಸ್ತಿ, ಆದ್ರೆ ಎಷ್ಟೋ ಸಲ ರಾಜಿ ಆಗೋದು ವೋಟು ಹಾಕಿದ ಮೇಲೆ. ಆಗ ನಮ್ಮ ಮಾತು ನಡೆಯಲ್ಲ.

ಅದಕ್ಕೆ ಪಕ್ಷಗಳನ್ನ ಕಡಿಮೆ ಮಾಡಬೇಕಿಲ್ಲ. ವೋಟು ಕೇಳೋಕೆ ಬಂದವರನ್ನ ಮೊದಲೇ ಕೇಳಿ: "ಬಹುಮತ ಬರದಿದ್ರೆ ಯಾರ ಜೊತೆ ಹೋಗ್ತೀರ?"