ಅಫೀಮಿನ ಮಾರನೆಯ ದಿನ

ಮದ್ಯಪಾನ ಮಾಡಿದವನಿಗೆ ಮರುದಿನ ತಲೆಭಾರವಾಗುವುದು ಸರ್ವವಿದಿತವಾದ ಸಂಗತಿ. ಅಫೀಮಿನಿಂದಲೂ, ಅದರ ಸಂತತಿಯಾದ ಮಾರ್ಫಿಯಾ, ಕೊಡೀನ್ ಮೊದಲಾದ ಔಷಧಗಳಿಂದಲೂ ಅಂಥದೇ ಅವಸ್ಥೆ ಪ್ರಾಪ್ತವಾಗುವುದೆಂಬುದನ್ನು ಬಲ್ಲವರು ವಿರಳ. ಕೆಲವು ವರ್ಷಗಳ ಹಿಂದೆ ಮೂತ್ರಪಿಂಡದ ಕಲ್ಲಿನ ಬೇನೆಗಾಗಿ ವೈದ್ಯರು ನಮಗೆ ಮಾರ್ಫಿಯಾ ಚುಚ್ಚಿದರು. ಬೇನೆ ಅಡಗಿತು, ರಾತ್ರಿಯೆಲ್ಲ ಮಲಗಿದೆವು. ಆದರೂ ಬೆಳಗ್ಗೆ ಎದ್ದುದು ಜಾಗರಣೆ ಮಾಡಿದವರಂತೆ: ತಲೆ ಸೀಸದ ಗುಂಡು, ಬಾಯಿ ಒಣಗಿದ ಕೆರೆ, ಕಾಫಿಯ ವಾಸನೆಗೇ ಓಕರಿಕೆ. ನಾವು ಕಾಫಿಯನ್ನು ನಿರಾಕರಿಸಿದುದು ಮನೆಯವರಿಗೆ ಕಲ್ಲಿಗಿಂತಲೂ ಹೆಚ್ಚಿನ ಗಾಬರಿಯನ್ನುಂಟುಮಾಡಿತು.

ಇದಕ್ಕೆ ಕಾರಣವೇನು? ಮೊದಲನೆಯದಾಗಿ, ಮದ್ದು ಇನ್ನೂ ದೇಹವನ್ನು ಬಿಟ್ಟಿರುವುದಿಲ್ಲ. ರಕ್ತದಲ್ಲಿನ ಮಾರ್ಫಿಯಾ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ೨-೩ ಗಂಟೆ ಸಾಕು. ಆದರೆ ಯಕೃತ್ತು ಅದನ್ನು ಮಾರ್ಪಡಿಸಿದಾಗ ಹುಟ್ಟುವ ವಸ್ತುಗಳಲ್ಲೊಂದು ತಾನೂ ಮಾದಕವೇ. ಅದನ್ನು ಹೊರಹಾಕತಕ್ಕದ್ದು ಮೂತ್ರಪಿಂಡ; ಅದು ದುರ್ಬಲವಾದವರಲ್ಲಿ ನಿನ್ನೆಯ ಮದ್ದು ಇಂದೂ ತನ್ನ ಅಧಿಕಾರವನ್ನು ನಡೆಸುತ್ತಿರುವುದು. ಮಿದುಳಿನ ಬುಡದಲ್ಲಿ ವಾಂತಿಯನ್ನು ಪ್ರೇರಿಸುವ ಒಂದು ಸ್ಥಾನವಿದೆ. ಈ ಮದ್ದು ಅದನ್ನು ಕೆಣಕುತ್ತದೆ. ಜಠರವೂ ಕರುಳೂ ಮಂದಗತಿಗಿಳಿಯುತ್ತವೆ.

ಇನ್ನು ನಿದ್ರೆ. ಅಫೀಮು ಕೊಡುವುದು ನಿದ್ರೆಯ ವೇಷವನ್ನೇ ಹೊರತು ನಿದ್ರೆಯನ್ನಲ್ಲ. ಗಾಢನಿದ್ರೆಯೂ ಸ್ವಪ್ನನಿದ್ರೆಯೂ ಎರಡೂ ಕುಗ್ಗುತ್ತವೆ. ಉಸಿರಾಟ ನಿಧಾನವಾದಾಗ ಇಂಗಾಲಾಮ್ಲವಾಯು ರಕ್ತದಲ್ಲಿ ಶೇಖರವಾಗಿ, ಮಿದುಳಿನ ರಕ್ತನಾಳಗಳು ಹಿಗ್ಗಿ, ಎದ್ದೊಡನೆ ತಲೆ ನೋಯುವುದೂ ಉಂಟು.

ಎರಡನೆಯ ಕಾರಣ ಇದಕ್ಕೆ ತದ್ವಿರುದ್ಧವಾದುದು. ಅಫೀಮು ಬಂದು ಕೂಡುವ ಸ್ಥಾನಗಳು ಮಿದುಳಿನಲ್ಲಿ ಇರುವುವೆಂದು ೧೯೭೩ರಲ್ಲಿ ಸಿದ್ಧವಾಯಿತು. ಅಲ್ಲಿಗೆ ಹೊಂದುವ ದ್ರವ್ಯಗಳನ್ನು ದೇಹವೇ ತಯಾರಿಸುವುದೆಂದು ೧೯೭೫ರಲ್ಲಿ ತಿಳಿಯಿತು. ಹೊರಗಿನ ಮದ್ದು ಎಚ್ಚರದ ನರಗಳನ್ನು ಅದುಮಿಟ್ಟಿರುತ್ತದೆ. ಅದು ಸರಿದೊಡನೆ ಆ ನರಗಳು, ಅದುಮಿದ ಬುಗುರಿಬಿಲ್ಲಿನಂತೆ ಪುಟಿಯುತ್ತವೆ: ಆಕಳಿಕೆ, ಬೆವರು, ಮೂಗು ಸೋರುವಿಕೆ, ತಳಮಳ. ಒಂದೇ ಬಾರಿ ಸೇವಿಸಿದವನಲ್ಲಿ ಇದು ಅತ್ಯಲ್ಪ; ಚಟವಿದ್ದವನಲ್ಲಿ ಘೋರ.

ಅಪಾಯವಿರುವುದು ಇಲ್ಲಿಯೇ. ಬಳಲುವವನಿಗೆ ಈ ಎರಡು ಅವಸ್ಥೆಗಳ ಭೇದ ತಿಳಿಯದು. ಹೆಂಡ ಕುಡಿದವನು ಮುಂಜಾನೆ ಮತ್ತೊಂದು ಗುಟುಕನ್ನು ಅರಸುವಂತೆ ಇವನೂ ಮತ್ತೊಂದು ಮಾತ್ರೆಯನ್ನು ಅರಸುತ್ತಾನೆ. ಎರಡನೆಯ ಅವಸ್ಥೆಯಲ್ಲಿ ಅದು ಶಮನ ಕೊಡುವುದು ನಿಜ. ದಾಸ್ಯ ಆರಂಭವಾಗುವುದೂ ಆ ಶಮನದಿಂದಲೇ. ಮೊದಲನೆಯದರಲ್ಲಾದರೋ, ಹಳೆಯ ಮದ್ದಿನ ಮೇಲೆ ಹೊಸತು ಸೇರಿ ಉಸಿರೇ ಕುಂದುವುದು. ಮದ್ಯವಾಗಲಿ ನಿದ್ರೆಯ ಗುಳಿಗೆಯಾಗಲಿ ಜೊತೆಗೂಡಿದರೆ ಹೇಳತಕ್ಕದ್ದೇ ಇಲ್ಲ. ಅರ್ಬುದರೋಗಿಗೆ ವೈದ್ಯರು ಅಳೆದು ಕೊಡುವ ಮಾರ್ಫಿಯಾವನ್ನು ನಾವು ಆಕ್ಷೇಪಿಸುತ್ತಿಲ್ಲ. ಅದನ್ನು ತಡೆಯುವುದು ಕ್ರೌರ್ಯ.

ಮರುದಿನ ಮಲಗಿದವನು ಕೂಗಿದರೂ ಏಳದೆ, ಗೊರಗೊರನೆ ಅಪರೂಪಕ್ಕೊಮ್ಮೆ ಉಸಿರೆಳೆಯುತ್ತಿದ್ದರೆ, ಅದನ್ನು ಅಮಲಿನ ಶೇಷವೆಂದು ಬಿಡದೆ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು. ಅಲ್ಲಿ ನಲಾಕ್ಸೋನ್ ಎಂಬ ಪ್ರತ್ಯೌಷಧವಿದೆ. ಅದರ ಬಲ ಅನೇಕ ವೇಳೆ ಅಫೀಮಿಗಿಂತ ಮುಂಚೆಯೇ ಮುಗಿಯುವುದರಿಂದ, ರೋಗಿ ಕಣ್ಣು ತೆರೆದನೆಂದು ಒಡನೆಯೇ ಮನೆಗೆ ಕರೆತರಲಾಗದು.