ಒಂದು ಉತ್ತರ ಸಿಕ್ಕರೆ ಇನ್ನೊಂದು ತಾನಾಗಿ ಸಿಗುತ್ತದೆಯೇ? ಕೋತಿ ಲೆಕ್ಕದಲ್ಲಿದೆ ಉತ್ತರ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಮೊಬೈಲ್‌ಗಳಲ್ಲಿ ಗಣಿತದ ಶಾರ್ಟ್‌ಕಟ್‌ಗಳು ಓಡಾಡುತ್ತವೆ. ನಕ್ಷೆ ಎಕ್ಸ್-ಅಕ್ಷವನ್ನು ಕತ್ತರಿಸುವ ಒಂದು ಬಿಂದು ಗೊತ್ತಿದ್ದರೆ ಇನ್ನೊಂದು ಕನ್ನಡಿಯಲ್ಲಿ ಕಂಡಂತೆ ಸಿಗುತ್ತದೆ ಎಂಬುದು ಅಂಥದ್ದೊಂದು. ಇದು ನಿಜವೇ?

ವರ್ಗ ಸಮೀಕರಣಕ್ಕೆ ನಿಜ. ಎಲ್ಲ ಸಮೀಕರಣಗಳಿಗೂ ಅಲ್ಲ.

ಹೇಗೆ?

ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಕೋತಿ ಹಿಂಡು ಹೊಸದಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ‘ಬೀಜಗಣಿತ’ದಲ್ಲಿ ಕೋತಿಗಳದೇ ಲೆಕ್ಕ ಕೊಟ್ಟಿದ್ದಾರೆ. ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಕೋತಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಗುಡ್ಡದ ಮೇಲಿವೆ. ಒಟ್ಟು ಎಷ್ಟು?

ಒಟ್ಟು ಕೋತಿಗಳನ್ನು ‘ಕ’ ಎನ್ನೋಣ (ಪಠ್ಯಪುಸ್ತಕದ ‘ಎಕ್ಸ್’ ಇದೇ). ಆಗ (ಕ/8)² + 12 = ಕ. ಇದನ್ನು ಸರಳಗೊಳಿಸಿದರೆ:

ಕ² − 64ಕ + 768 = 0

ಇದರ ನಕ್ಷೆ ಪರವಲಯ. ಅದರ ನಡುವೆ ಒಂದು ಸಮಮಿತಿ ರೇಖೆ ಇದೆ, ಎಡಬಲ ಎರಡೂ ಒಂದೇ ಆಕಾರ. ಹಾಗಾಗಿ ಎರಡು ಉತ್ತರಗಳೂ ಆ ರೇಖೆಯಿಂದ ಸಮಾನ ದೂರದಲ್ಲಿರುತ್ತವೆ. ಉತ್ತರಗಳ ಮೊತ್ತ 64, ಅದರ ಅರ್ಧ 32. ನಡುರೇಖೆ ಇರುವುದು ಅಲ್ಲೇ.

ದೂರವನ್ನು ‘ದ’ ಎಂದರೆ ಉತ್ತರಗಳು 32 − ದ ಮತ್ತು 32 + ದ. ಅವುಗಳ ಗುಣಲಬ್ಧ 768. ಅಂದರೆ 1024 − ದ² = 768, ದ² = 256, ದ = 16. ಉತ್ತರಗಳು 16 ಮತ್ತು 48. ಸೂತ್ರ ಬಾಯಿಪಾಠ ಮಾಡಬೇಕಿಲ್ಲ. 16 ಮೊದಲೇ ಗೊತ್ತಿದ್ದರೆ ಇನ್ನೂ ಸುಲಭ: 64 − 16 = 48.

ಎರಡೂ ಉತ್ತರ ಸರಿಯೇ?

ಇಲ್ಲಿ ಎರಡೂ ಸರಿ. ಆದರೆ ಭಾಸ್ಕರರ ಇನ್ನೊಂದು ಲೆಕ್ಕ ನೋಡಿ. ಹಿಂಡಿನ ಐದನೇ ಒಂದು ಭಾಗದಿಂದ 3 ಕಳೆದು ವರ್ಗ ಮಾಡಿದಷ್ಟು ಕೋತಿಗಳು ಗುಹೆಗೆ ಹೋದವು. ಕಣ್ಣಿಗೆ ಬಿದ್ದದ್ದು ಕೊಂಬೆ ಏರಿದ ಒಂದೇ ಒಂದು. ಸಮೀಕರಣ ಕ² − 55ಕ + 250 = 0, ನಡುರೇಖೆ 27.5, ಉತ್ತರಗಳು 5 ಮತ್ತು 50. ಆದರೆ 5ರ ಐದನೇ ಒಂದು ಭಾಗ 1. ಒಂದು ಕೋತಿಯಿಂದ ಮೂರನ್ನು ಕಳೆಯುವುದು ಹೇಗೆ? ಭಾಸ್ಕರರು 5 ಅನ್ನು ಬಿಟ್ಟು 50 ಅನ್ನು ಒಪ್ಪಿದರು.

ಎಲ್ಲಿ ಕೈಕೊಡುತ್ತದೆ?

• ದ² ಋಣ ಸಂಖ್ಯೆಯಾದರೆ ನಕ್ಷೆ ಎಕ್ಸ್-ಅಕ್ಷವನ್ನು ಮುಟ್ಟುವುದೇ ಇಲ್ಲ.
• ದ ಸೊನ್ನೆಯಾದರೆ ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ.
• ಘನ ಸಮೀಕರಣದ ನಕ್ಷೆಗೆ ಇಂಥ ಕನ್ನಡಿ ರೇಖೆ ಇಲ್ಲ. ಅದರ ಉತ್ತರಗಳು 1, 2, 5 ಹೀಗೆ ಹೇಗೂ ಇರಬಹುದು.

ಒಟ್ಟಿನಲ್ಲಿ: ಸಮಮಿತಿ ಎರಡನೇ ಉತ್ತರವನ್ನು ಹುಡುಕಿಕೊಡುತ್ತದೆ, ಅದು ಲೆಕ್ಕಕ್ಕೆ ಒಪ್ಪುತ್ತದೆಯೇ ಎಂಬುದನ್ನು ನೀವೇ ನೋಡಬೇಕು. ಈ ಉಪಾಯವನ್ನು ಮಕ್ಕಳಿಗೆ ಕಳಿಸುವಾಗ ‘ವರ್ಗ ಸಮೀಕರಣಕ್ಕೆ ಮಾತ್ರ’ ಎಂಬ ಸಾಲನ್ನೂ ಸೇರಿಸಿ.