ಪೆಟ್ಟಿಗೆಯ ಮೇಲಿನ 525

ಕೈಯಲ್ಲಿ ನಾಲ್ಕು ಸಾವಿರ ರೂಪಾಯಿ, ನೆತ್ತಿಯ ಮೇಲೆ ಗುರು ಗ್ರಹ. ಟೆಲಿಸ್ಕೋಪಿಗೆ ಯಾವ ಐಪೀಸ್ ಕೊಳ್ಳೋಣ?

ಸಂಕ್ರಾಂತಿಗೆಂದು ಊರಿಗೆ ಬಂದ ಅಕ್ಕನ ಮಗಳು ಎಳ್ಳು-ಬೆಲ್ಲದ ಜೊತೆಗೆ ಒಂದು ತಕರಾರನ್ನೂ ತಂದಿದ್ದಳು.

‘ಮಾವ, ತಮ್ಮನ ಹಳೇ ದುರ್ಬೀನಿನ ಪೆಟ್ಟಿಗೆ ಮೇಲೆ 525 ಪಟ್ಟು ಅಂತ ದಪ್ಪಕ್ಷರದಲ್ಲಿ ಬರೆದಿದೆ. ಅದಕ್ಕಿಂತ ಎಷ್ಟೋ ಹೆಚ್ಚು ದುಡ್ಡು ಕೊಟ್ಟು ತಗೊಂಡ ನನ್ನದರಲ್ಲಿ ಬರೀ 65. ನಂಗೇನು ಟೋಪಿ ಬಿತ್ತಾ?’

ಟೋಪಿ ಬಿದ್ದದ್ದು ತಮ್ಮನಿಗೆ. ಆದರೆ ಅದನ್ನು ಬಾಯಲ್ಲಿ ಹೇಳಿದರೆ ಅವಳು ನಂಬುವ ಪೈಕಿಯಲ್ಲ. ಸ್ಕಾಲರ್‌ಶಿಪ್ ದುಡ್ಡಲ್ಲಿ ನಾಲ್ಕು ಸಾವಿರ ಉಳಿಸಿಕೊಂಡಿದ್ದಳು. ಅದರಲ್ಲಿ ‘ತುಂಬಾ ದೊಡ್ಡದಾಗಿ ತೋರಿಸುವ’ ಐಪೀಸ್ ಒಂದನ್ನು ಕೊಳ್ಳಬೇಕೆಂಬ ಹಟ. ಕಾಗದ-ಪೆನ್ನು ಹಿಡಿದು ಕೂತೆವು.

ಸುಲಭದ ಭಾಗಾಕಾರ

ಟೆಲಿಸ್ಕೋಪ್ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು ಒಂದೇ ಭಾಗಾಕಾರದ ಲೆಕ್ಕ. ಟೆಲಿಸ್ಕೋಪಿನ ಸಂಗಮದೂರವನ್ನು ಐಪೀಸಿನ, ಅಂದರೆ ನಾವು ಕಣ್ಣಿಡುವ ಮಸೂರದ, ಸಂಗಮದೂರದಿಂದ ಭಾಗಿಸಿದರೆ ಮುಗಿಯಿತು. ಅವಳದ್ದು 130 ಮಿಮೀ ಕನ್ನಡಿಯ, 650 ಮಿಮೀ ಸಂಗಮದೂರದ, ಮೇಜಿನ ಮೇಲಿಡುವ ಪುಟ್ಟ ಡಾಬ್ಸೋನಿಯನ್ ಟೆಲಿಸ್ಕೋಪ್. ಜೊತೆಗೆ ಬಂದದ್ದು 25 ಮತ್ತು 10 ಮಿಮೀ ಐಪೀಸ್‌ಗಳು. ಅಂದರೆ 26 ಪಟ್ಟು ಮತ್ತು 65 ಪಟ್ಟು.

ತಮ್ಮನದ್ದು 60 ಮಿಮೀ ಮಸೂರದ, 700 ಮಿಮೀ ಸಂಗಮದೂರದ ದುರ್ಬೀನು. ಅದರ ಜೊತೆ 4 ಮಿಮೀ ಐಪೀಸ್ ಒಂದು, ಮೂರು ಪಟ್ಟು ಹೆಚ್ಚಿಸುವ ಬಾರ್ಲೋ ಮಸೂರ ಒಂದು. 700ನ್ನು 4ರಿಂದ ಭಾಗಿಸಿ ಮೂರರಿಂದ ಗುಣಿಸಿದರೆ 525. ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಒಂದು ಲೋಟ ಹಾಲಿಗೆ ಒಂದು ಕೊಡ ನೀರು ಬೆರೆಸಿ ‘ಒಂದು ಕೊಡ ಹಾಲು’ ಅಂದ ಹಾಗಾಯಿತು. ಬಿಂಬವನ್ನು ಎಷ್ಟು ಬೇಕಾದರೂ ಎಳೆಯಬಹುದು. ಅದರೊಳಗಿನ ವಿವರವನ್ನು ಒದಗಿಸಬೇಕಾದದ್ದು ಮುಂದಿನ ಮಸೂರ ಅಥವಾ ಒಳಗಿನ ಕನ್ನಡಿ. ಅದರ ಅಗಲ ಎಷ್ಟೋ ವಿವರವೂ ಅಷ್ಟೇ.

ಅತಿ ಒಳ್ಳೆಯ ರಾತ್ರಿಯಲ್ಲೂ ವ್ಯಾಸದ ಮಿಲಿಮೀಟರಿಗೆ ಎರಡು ಪಟ್ಟು, ಅದರಾಚೆ ಹೋದರೆ ಲಾಭವಿಲ್ಲ ಎಂಬುದು ಹವ್ಯಾಸಿಗಳ ನಡುವೆ ಬಹುಕಾಲದಿಂದ ನಡೆದುಬಂದ ಲೆಕ್ಕ. 60 ಮಿಮೀ ದುರ್ಬೀನಿಗೆ ಹಾಗಾದರೆ 120 ಪಟ್ಟು ಗಡಿ. ಇವಳ ಕನ್ನಡಿಗೆ 260.

ಆರ್ಗನ್ ವಾದಕನ ಐಪೀಸ್‌ಗಳು

ಈ ಗಡಿ ದಾಟಿ ನೋಡಿದವನೊಬ್ಬನ ಕಥೆಯಿದೆ. ಇಂಗ್ಲೆಂಡಿನ ಬಾತ್ ಊರಿನಲ್ಲಿ ಆರ್ಗನ್ ನುಡಿಸಿಕೊಂಡಿದ್ದ ವಿಲಿಯಂ ಹರ್ಷೆಲ್, 1781ರ ಮಾರ್ಚ್ 13ರ ರಾತ್ರಿ ತಾನೇ ಉಜ್ಜಿ ಮಾಡಿದ 6.2 ಇಂಚಿನ ಕನ್ನಡಿಯ ದೂರದರ್ಶಕದಲ್ಲಿ ವಿಚಿತ್ರ ಚುಕ್ಕಿಯೊಂದನ್ನು ಕಂಡ. ಆಗ ಅದರಲ್ಲಿ ಇದ್ದದ್ದು 227 ಪಟ್ಟು ಹಿಗ್ಗಿಸುವ ಐಪೀಸ್. ಅನುಮಾನ ಬಂದು 460ಕ್ಕೆ ಏರಿಸಿದ, ಆಮೇಲೆ 932ಕ್ಕೆ. ಅಕ್ಕಪಕ್ಕದ ನಕ್ಷತ್ರಗಳು ಆ ಲೆಕ್ಕದಲ್ಲಿ ಬೆಳೆಯಲಿಲ್ಲ, ಈ ಚುಕ್ಕಿ ಬೆಳೆಯಿತು. ಹಾಗಾಗಿ ನಕ್ಷತ್ರವಲ್ಲವೆಂದು ಗೊತ್ತಾಯಿತು. ಧೂಮಕೇತು ಇರಬೇಕೆಂದು ಅವನು ಎಣಿಸಿದ ಅದು ಯುರೇನಸ್ ಗ್ರಹ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ 932ರ ಹತ್ತಿರ ನಿಂತುಬಿಡುತ್ತಾರೆ. ಹರ್ಷೆಲ್ ಮಾತ್ರ ಇನ್ನೊಂದನ್ನೂ ದಾಖಲಿಸಿದ್ದಾನೆ: ಅಷ್ಟು ಹಿಗ್ಗಿಸಿದಾಗ, ಅದರ ಬೆಳಕು ಸಾಲದೆ, ಆ ಬಿಂಬ ಮಸುಕಾಗಿ ಅಂಚು ಕಳೆದುಕೊಂಡಿತ್ತು. 932 ಅವನಿಗೆ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿತು. ಆದರೆ ಆ ಚುಕ್ಕಿ ಕಣ್ಣಿಗೆ ಬಿದ್ದದ್ದು 227ರಲ್ಲಿ.

ಎಸರಿನಲ್ಲಿ ಬೆಂದ ಗುರು

ನಾವು ಲೆಕ್ಕ ಹಾಕಿದ ದಿನ ರಾತ್ರಿ ಊಟ ಮುಗಿಸಿ ತಾರಸಿ ಹತ್ತಿದೆವು. ಗುರು ಪೂರ್ವದಲ್ಲಿ ಚೆನ್ನಾಗಿಯೇ ಮೇಲೆ ಬಂದಿತ್ತು. ಮೊದಲು 26 ಪಟ್ಟು: ಪುಟ್ಟ ಬಿಳಿ ಬಿಲ್ಲೆ, ಸಾಲಾಗಿ ಉಪಗ್ರಹಗಳು. ಗೆಲಿಲಿಯೋ 1610ರಲ್ಲಿ ಕಂಡದ್ದು ಹೆಚ್ಚುಕಡಿಮೆ ಇಷ್ಟೇ ಹಿಗ್ಗಿಸಿ. 65ರಲ್ಲಿ ಎರಡು ಕಂದು ಪಟ್ಟಿಗಳು ಕಂಡವು. ನನ್ನ 6 ಮಿಮೀ ಐಪೀಸ್ ಹಾಕಿದಾಗ 108 ಪಟ್ಟು. ಬರಿಗಣ್ಣಿನ ಚಂದ್ರನ ಎರಡೂವರೆ ಪಟ್ಟು ದೊಡ್ಡ ಗುರು, ಪಟ್ಟಿಗಳ ಅಂಚಿನಲ್ಲಿ ಗಂಟುಗಳು. ಅವಳು ಐದು ನಿಮಿಷ ಕಣ್ಣು ತೆಗೆಯಲಿಲ್ಲ.

‘ಇನ್ನೂ ದೊಡ್ಡದು ಮಾಡಿ.’

ಅದಕ್ಕೇ ಎರಡು ಪಟ್ಟಿನ ಬಾರ್ಲೋ ಸೇರಿಸಿದೆ. 217 ಪಟ್ಟು. ಕುದಿಯುವ ಎಸರಿನಲ್ಲಿ ಅಕ್ಕಿಕಾಳು ಏಳುಬೀಳುವ ಹಾಗೆ ಗುರು ಕುದಿಯತೊಡಗಿತು. ಪಟ್ಟಿಗಳೆಲ್ಲ ಒಂದರೊಳಗೊಂದು ಕಲಸಿಹೋದವು.

ಕುದಿಸಿದ್ದು ನಮ್ಮ ಮನೆಯೇ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟ್ ತಾರಸಿ ರಾತ್ರಿ ಆ ಶಾಖವನ್ನು ಬಿಡುತ್ತಿರುತ್ತದೆ. ಮನೆಯೊಳಗಿಂದ ಆಗಷ್ಟೇ ತಂದ ಕನ್ನಡಿಯೂ ಬೆಚ್ಚಗಿರುತ್ತದೆ. ಅದರ ಮೇಲೆ ಆಕಾಶದ ಗಾಳಿಯ ಕದಡು. ಇವನ್ನೆಲ್ಲ ಐಪೀಸ್ ಗ್ರಹದಷ್ಟೇ ನಿಷ್ಠೆಯಿಂದ ಹಿಗ್ಗಿಸುತ್ತದೆ. ಟೆಲಿಸ್ಕೋಪನ್ನು ಕೆಳಗೆ ಅಂಗಳದ ಮಣ್ಣಿಗೆ ಇಳಿಸಿ, ಒಂದು ತಾಸು ತಣಿಯಲು ಬಿಟ್ಟು, ಹನ್ನೊಂದೂವರೆಗೆ ಮತ್ತೆ ನೋಡಿದಾಗ ಗುರು ನಡುನೆತ್ತಿಗೆ ಬಂದಿತ್ತು. 217ರಲ್ಲೂ ಮೂರು-ನಾಲ್ಕು ಕ್ಷಣ ಬಿಂಬ ನಿಂತು, ಮತ್ತೆ ಅಲುಗಿ, ಮತ್ತೆ ನಿಲ್ಲುತ್ತಿತ್ತು.

ಗ್ರಹಗಳು ಹೀಗೆ ಎತ್ತರಕ್ಕೇರುವ ವಿಷಯದಲ್ಲಿ ನಾವು ಪುಣ್ಯವಂತರು. ಕರ್ನಾಟಕದಲ್ಲಿ ಗ್ರಹಗಳು ಅತಿ ದಕ್ಷಿಣಕ್ಕೆ ಸರಿದಾಗಲೂ ತಮ್ಮ ದಾರಿಯ ನೆತ್ತಿ ಮುಟ್ಟುವ ಹೊತ್ತಿಗೆ ದಿಗಂತದಿಂದ ಸುಮಾರು 50 ಡಿಗ್ರಿ ಮೇಲಿರುತ್ತವೆ. ಹರ್ಷೆಲ್‌ನ ಬಾತ್‌ನಲ್ಲಿ ಅವೇ ಗ್ರಹಗಳು 15-16 ಡಿಗ್ರಿ ಮೇಲೇರಿ ಹಾಗೇ ಮುಳುಗುತ್ತವೆ. ಬೆಳಕು ನಮಗಿಂತ ಎರಡು ಪಟ್ಟಿಗೂ ಹೆಚ್ಚು ಗಾಳಿಯನ್ನು ತೂರಿ ಬರಬೇಕು. ನಮ್ಮ ಕಾದ ತಾರಸಿಗೆ ಅಂಗಳದಲ್ಲಿ ಉತ್ತರವಿದೆ, ಅವರ ಅಕ್ಷಾಂಶಕ್ಕೆ ಉತ್ತರವಿಲ್ಲ.

ವ್ಯಾಸದಷ್ಟೇ ಪಟ್ಟು

ಹಾಗಾದರೆ ಎಷ್ಟು ಹಿಗ್ಗಿಸಿದರೆ ಸಾಕು? ಉತ್ತರ ಅಚ್ಚರಿಯಾಗುವಷ್ಟು ಸರಳ. ಒಂದು ಡಿಗ್ರಿಯ 3600ನೇ ಒಂದು ಪಾಲಿಗೆ ಕೋನ ಸೆಕೆಂಡ್ ಎನ್ನುತ್ತಾರೆ. ಒತ್ತೊತ್ತಿಗಿರುವ ಜೋಡಿ ನಕ್ಷತ್ರಗಳನ್ನು ಎರಡಾಗಿ ತೋರಿಸಲು ಟೆಲಿಸ್ಕೋಪಿಗಿರುವ ಗಡಿ, 116ನ್ನು ವ್ಯಾಸದ ಮಿಲಿಮೀಟರ್‌ಗಳಿಂದ ಭಾಗಿಸಿದಷ್ಟು ಸೆಕೆಂಡ್. 130 ಮಿಮೀ ಕನ್ನಡಿಗೆ ಅದು 0.9ರ ಆಸುಪಾಸು. ಅದನ್ನು 130 ಪಟ್ಟು ಹಿಗ್ಗಿಸಿದರೆ ಮತ್ತೆ 116 ಸೆಕೆಂಡ್, ಅಂದರೆ ಸುಮಾರು ಎರಡು ಕೋನ ನಿಮಿಷ. ನಮ್ಮ ಕಣ್ಣು ಶ್ರಮವಿಲ್ಲದೆ ಬೇರ್ಪಡಿಸಿ ನೋಡಬಲ್ಲ ಅಂತರ ಅದೇ. ವ್ಯಾಸ ಎಷ್ಟು ಮಿಲಿಮೀಟರೋ ಅಷ್ಟು ಪಟ್ಟು ಹಿಗ್ಗಿಸಿದಾಗ ಕನ್ನಡಿ ಕೊಡಬಲ್ಲ ವಿವರವೆಲ್ಲ ಬಹುಪಾಲು ಕಣ್ಣಿಗೆ ಸಂದಿರುತ್ತದೆ. ಚಿಕ್ಕ ಟೆಲಿಸ್ಕೋಪಾದರೂ ದೊಡ್ಡದಾದರೂ ಈ ಲೆಕ್ಕ ಬದಲಾಗದು.

ಇದನ್ನೇ ಅಂಗಡಿಯಲ್ಲಿ ಬಳಸುವ ಸೂತ್ರ ಮಾಡಿಕೊಳ್ಳಬಹುದು. ಟೆಲಿಸ್ಕೋಪಿನ ಮೈಮೇಲೆ ಎಫ್/5, ಎಫ್/8 ಎಂದು (ಸಂಗಮದೂರವನ್ನು ವ್ಯಾಸದಿಂದ ಭಾಗಿಸಿದ ಅಂಕಿ) ಬರೆದಿರುತ್ತದಲ್ಲ, ಆ ಅಂಕಿಯಷ್ಟೇ ಮಿಲಿಮೀಟರಿನ ಐಪೀಸ್ ಆರಿಸಿದರೆ ಮೇಲಿನ ಹದಕ್ಕೆ ಬರುತ್ತದೆ. ಎಫ್/5ಕ್ಕೆ 5 ಅಥವಾ 6 ಮಿಮೀ, ಎಫ್/8ಕ್ಕೆ 8 ಅಥವಾ 9. ಅದರರ್ಧಕ್ಕಿಂತ ಕೆಳಗಿಳಿದರೆ ಕಣ್ಣಿಗೆ ಬರುವ ಬೆಳಕಿನ ಕಿರಣ ಎಷ್ಟು ಸಪೂರವಾಗುತ್ತದೆಂದರೆ, ಗ್ರಹದ ಮೇಲೆ ಹುಳು ಹರಿದ ಹಾಗೆ ಕಾಣುತ್ತದೆ. ಅವು ನಮ್ಮ ಕಣ್ಣೊಳಗೇ ತೇಲುವ ಎಳೆಗಳು.

ನಾಲ್ಕು ಸಾವಿರದೊಳಗೆ

ಅಗ್ಗದ ದಾರಿ ಪ್ಲಾಸ್ಲ್. ವಿಯೆನ್ನಾದ ಜಾರ್ಜ್ ಸೈಮನ್ ಪ್ಲಾಸ್ಲ್ 1860ರಲ್ಲಿ ರೂಪಿಸಿದ ವಿನ್ಯಾಸ, ಬಿಂಬ ಚೊಕ್ಕ. ತೊಂದರೆ ಇರುವುದು ಸಣ್ಣ ಅಳತೆಗಳಲ್ಲಿ. 6 ಮಿಮೀ ಪ್ಲಾಸ್ಲ್‌ನಲ್ಲಿ ಕಣ್ಣು ಗಾಜಿನಿಂದ ನಾಲ್ಕು ಮಿಲಿಮೀಟರ್ ದೂರಕ್ಕೆ ಬರಬೇಕು. ರೆಪ್ಪೆ ಬಡಿದಾಗಲೆಲ್ಲ ಕೂದಲು ಗಾಜನ್ನು ಗುಡಿಸುತ್ತದೆ. ಕನ್ನಡಕದವರಿಗೆ ಅದು ಆಗದ ಮಾತು.

ಎರಡನೆಯದು ಮೈಸುತ್ತ ಚಿನ್ನದ ಬಣ್ಣದ ಪಟ್ಟಿಯಿರುವ, 66 ಡಿಗ್ರಿ ನೋಟದ ಚೀನಾದ ಐಪೀಸ್. ಹಲವು ಹೆಸರುಗಳಲ್ಲಿ ಒಂದೇ ಸರಕು ಬರುತ್ತದೆ. ಈ ಸಾಲಿನಲ್ಲಿ 6 ಮತ್ತು 9 ಮಿಮೀ ಒಳ್ಳೆಯವು. 15, 20 ಮಿಮೀಗಳು ಎಫ್/5ರಂಥ ಗಿಡ್ಡ ಟೆಲಿಸ್ಕೋಪಿನಲ್ಲಿ ಅಂಚಿಗೆ ಕದಡುತ್ತವೆ. 6 ಮಿಮೀಯಲ್ಲಿ ಕಣ್ಣನ್ನು ಆರಾಮವಾಗಿ ದೂರವಿಡಬಹುದು. ಇವಳ ಟೆಲಿಸ್ಕೋಪಿಗೆ ಮೋಟಾರಿಲ್ಲ, ಭೂಮಿ ತಿರುಗಿದ ಹಾಗೆ ಗ್ರಹ ನೋಟದಿಂದ ಜಾರುತ್ತದೆ. ಪ್ಲಾಸ್ಲ್‌ನಲ್ಲಿ ಎರಡು ನಿಮಿಷದೊಳಗೆ ದಾಟಿಹೋಗುವ ಗುರು ಇದರಲ್ಲಿ ಸುಮಾರು ಎರಡೂವರೆ ನಿಮಿಷ ಇರುತ್ತದೆ. ಇಡೀ ಚಂದ್ರನೂ ಒಂದೇ ನೋಟಕ್ಕೆ ಹಿಡಿಸುತ್ತಾನೆ.

ಮೂರನೆಯದು ಬಾರ್ಲೋ. ಇರುವ 10 ಮಿಮೀಗೆ ಎರಡು ಪಟ್ಟಿನದ್ದು ಸೇರಿಸಿದರೆ 130 ಪಟ್ಟು ಸಿಗುತ್ತದೆ, ಕಣ್ಣಿನ ಅಂತರವೂ ಕಡಿಮೆಯಾಗದು. ಆದರೆ ಟೆಲಿಸ್ಕೋಪಿನ ಜೊತೆ ಪುಕ್ಕಟೆ ಬರುವ 10 ಮಿಮೀ ಸಾಮಾನ್ಯವಾಗಿ ಸಾಧಾರಣದ್ದು. ಝೂಮ್ ಐಪೀಸ್‌ಗಳು ಈ ಬೆಲೆಗೆ ನೋಟದ ಅಗಲವನ್ನು ಕತ್ತರಿಸಿಬಿಡುತ್ತವೆ.

ಯಾವುದನ್ನು ಕೊಂಡರೂ ಕೊಳವೆಯ ಅಳತೆ 31.7 ಮಿಮೀ, ಅಂದರೆ ಒಂದೂಕಾಲು ಇಂಚು ಇದೆಯೇ ನೋಡಿಕೊಳ್ಳಿ. ಕೆಲವು ಹಳೆಯ ಆಟಿಕೆ ದುರ್ಬೀನುಗಳದ್ದು 24.5 ಮಿಮೀ, ಅದು ಇದಕ್ಕೆ ಕೂರದು. ದುಡ್ಡು ತೆರುವ ಮುನ್ನ ಕಾಸಿಲ್ಲದ ಕೆಲಸವೊಂದಿದೆ: ಟೆಲಿಸ್ಕೋಪಿನ ಎರಡು ಕನ್ನಡಿಗಳು ಒಂದೇ ನೇರಕ್ಕಿವೆಯೇ ಎಂದು ನೋಡಿ, ಸ್ಕ್ರೂ ತಿರುಗಿಸಿ ಸರಿಮಾಡಿಕೊಳ್ಳುವುದು. ಎಫ್/5ರಲ್ಲಿ ಇದು ತಪ್ಪಿದ್ದರೆ ಐದು ಪಟ್ಟು ಬೆಲೆಯ ಐಪೀಸೂ ಮಸುಕನ್ನೇ ತೋರಿಸುತ್ತದೆ. ಮತ್ತೆ ನಮ್ಮ ಮಲೆನಾಡಿನವರಿಗೊಂದು ಮಾತು: ಮಳೆಗಾಲದಲ್ಲಿ ಐಪೀಸನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಇಲ್ಲವಾದರೆ ದೀಪಾವಳಿಗೆ ತೆಗೆದಾಗ ಗಾಜಿನ ಮೇಲೆ ಬೂಸಲು ಬಲೆ ಹೆಣೆದಿರುತ್ತದೆ. ನನ್ನದೊಂದು ಹಾಗೇ ಹೋಯಿತು.

ಅವಳು ಚಿನ್ನದ ಪಟ್ಟಿಯ 6 ಮಿಮೀಯದನ್ನೇ ತರಿಸಿಕೊಂಡಳು. ದುಡ್ಡು ಸ್ವಲ್ಪ ಉಳಿಯಿತು, ಬಾರ್ಲೋಗೆಂದು ಎತ್ತಿಟ್ಟಿದ್ದಾಳೆ. ಫೆಬ್ರವರಿಯ ಒಂದು ರಾತ್ರಿ ಫೋನ್ ಬಂತು.

‘ಮಾವ, ಇವತ್ತು ಗಾಳಿ ಸರಿ ಇಲ್ಲ. 108ರಲ್ಲೂ ಎಸರು ಕುದೀತಿತ್ತು. 65ಕ್ಕೆ ಇಳಿಸಿದೆ, ಪಟ್ಟಿ ಚೆನ್ನಾಗಿ ಕಾಣ್ತು. ಅಂದಹಾಗೆ ತಮ್ಮನ ದುರ್ಬೀನಿಗೂ 25 ಮಿಮೀ ಹಾಕಿ ಕೊಟ್ಟೆ. ಬರೀ 28 ಪಟ್ಟು. ಚಂದ್ರನನ್ನ ಬಿಟ್ಟು ಒಳಗೆ ಬರ್ತಾನೇ ಇಲ್ಲ ಅವನು.’